ಕುರಿ ಕುಡಿಯುವ ನೀರು

ಮಿರಜಿನ ಕಾಲೇಜೊಂದರಲ್ಲಿ ನಾನು ಸಸ್ಯಶಾಸ್ತ್ರ ಕಲಿಸುತ್ತೇನೆ. ಪಾಠ ಮರಾಠಿಯಲ್ಲಿ, ಚಿಂತೆ ಕನ್ನಡದಲ್ಲಿ. ಪಾಚಿ ನನ್ನ ವಿಷಯ. ಹಳ್ಳದ ಕಲ್ಲುಗಳನ್ನು ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ತಿಕ್ಕಿ, ಬಂದ ರಾಡಿಯನ್ನು ಬಾಟಲಿಗೆ ತುಂಬಿ, ಅದರಲ್ಲಿ ಎಷ್ಟು ಜಾತಿಯ ಪಾಚಿಗಳಿವೆ ಎಂದು ನೋಡಿ ಬರೆಯುತ್ತೇನೆ. ಕೊನೆಗೆ ‘ಇನ್ನಷ್ಟು ಅಧ್ಯಯನ ಅಗತ್ಯ’ ಎಂದು ಸೇರಿಸುತ್ತೇನೆ. ಆ ವಾಕ್ಯವನ್ನು ಇದುವರೆಗೆ ಯಾರೂ ತಪ್ಪೆಂದಿಲ್ಲ.

ಕಳೆದ ಬೇಸಿಗೆಯಲ್ಲಿ ಮ್ಹೈಸಾಳದ ಕಡೆಯ ಹಳ್ಳವೊಂದರಲ್ಲಿ ಹೀಗೆ ಕಲ್ಲು ತಿಕ್ಕುತ್ತಿದ್ದಾಗ ಕುರಿ ಕಾಯುವ ಮುದುಕಿಯೊಬ್ಬಳು ಬಂದು ನಿಂತಳು.

“ಕಲ್ಲಿಗೆ ಹಲ್ಲ ಎಲ್ಲಿ ಅದಾವ್ರಿ ಸಾಹೇಬ್ರ?”

ನಾನು ಪಾಚಿಯ ವಿಷಯ ತೆಗೆದ ಕೂಡಲೇ ಆಕೆಯ ನಗು ನಿಂತಿತು. ಈ ಹಳ್ಳದ ನೀರು ಕುಡಿದು ಆಕೆಯ ಎರಡು ಮರಿಗಳು ಅದೇ ವಾರ ಸತ್ತಿದ್ದವಂತೆ. ಉಳಿದವನ್ನು ನದಿಗೆ ಹೊಡೆದುಕೊಂಡು ಹೋಗಬೇಕೆಂದರೆ ದಾರಿಯುದ್ದಕ್ಕೂ ಕಬ್ಬು. ಒಂದು ಕುರಿ ಬಾಯಿ ಹಾಕಿದರೂ ಜಗಳ.

“ಈ ನೀರ ಕುಡಸಲ್ಯೋ ಬ್ಯಾಡೋ, ಅಷ್ಟ ಹೇಳ್ರಿ.”

“ನೋಡಿ ನಾಳೆ ಹೇಳ್ತೀನ್ರಿ ಮಾವಶಿ. ಅಲ್ಲೀತನಕ ಮನ್ಯಾಗಿನ ನೀರ ಕುಡಸ್ರಿ,” ಎಂದೆ.

ಮನೆಯಲ್ಲಿ ಸೂಕ್ಷ್ಮದರ್ಶಕದ ಮುಂದೆ ಕುಳಿತೆ. ಹನ್ನೊಂದು ಜಾತಿಗಳು ಸಿಕ್ಕವು. ಸಣ್ಣ ದೋಣಿಗಳಂಥ ಡಯಾಟಮ್‌ಗಳೇ ಹೆಚ್ಚು. ಇಷ್ಟು ಜಾತಿಗಳು ಕೂಡಿ ಬಾಳುತ್ತಿದ್ದರೆ ನೀರು ತೀರಾ ಕೆಟ್ಟಿಲ್ಲವೆಂದು ಅರ್ಥ. ಆದರೂ, ಹೂಂ ಅಂದು ಕುರಿ ಸತ್ತರೆ? ಬೇಡ ಅಂದು ಕಬ್ಬಿನವರು ಆಕೆಯ ಮೇಲೆ ಏರಿ ಬಂದರೆ?

“ಕುರಿ ಅಕೀವು, ಊಟಾ ಬಿಟ್ಟಾವ್ರು ನೀವು,” ಎಂದಳು ಹೆಂಡತಿ.

ಮರುದಿನ ಹೋಗಿ, ನೀರು ಅಡ್ಡಿಯಿಲ್ಲ ಎಂದೆ.

“ಎಲ್ಲೀ ನೀರ ನೋಡಿದ್ರಿ?”

ಕಲ್ಲುಗಳನ್ನು ತೋರಿಸಿದೆ.

“ಕುರಿ ಹಿಂಗ ಜೋರ ಹರಿಯೂ ನೀರಿಗೆ ಬಾಯಿ ಹಚ್ಚೂದಿಲ್ರಿ. ಅವಕ್ಕ ನಿಂತ ನೀರ ಬೇಕ. ಅಲ್ಲಿ, ಆ ಮಡುವಿನಾಗ ಕುಡೀತಾವ. ಇಷ್ಟೂ ಗೊತ್ತಿಲ್ಲೇನ್ರಿ?”

ಗೊತ್ತಿರಲಿಲ್ಲ. ಮಡುವಿನ ದಂಡೆಯ ಕೆಸರಲ್ಲಿ ಜಾರಿ ಬಿದ್ದೇನೆಂದು ವರ್ಷಗಳಿಂದ ಕಲ್ಲಿನ ಮೇಲೆ ನಿಂತೇ ಕೆಲಸ ಮುಗಿಸುತ್ತಿದ್ದೆ. ಅದಕ್ಕೊಂದು ವೈಜ್ಞಾನಿಕ ಕಾರಣವನ್ನೂ ಬರೆದಿಟ್ಟಿದ್ದೆ.

ಅಂದು ಕೆಸರಿಗಿಳಿದೆ. ನೀರಿನ ಮೇಲೆ ಹಸಿರು ಕೆನೆ ಕಟ್ಟಿತ್ತು. ಸ್ಕೂಟರಿನಲ್ಲಿ ಟವೆಲ್ಲು ಸುತ್ತಿ ತಂದಿದ್ದ ಸೂಕ್ಷ್ಮದರ್ಶಕವನ್ನು ಕಲ್ಲಿನ ಮೇಲಿಟ್ಟು, ಬಿಸಿಲಿಗೆ ಕನ್ನಡಿ ತಿರುಗಿಸಿ ನೋಡಿದೆ. ಹನ್ನೊಂದಲ್ಲ, ಒಂದೇ ಜಾತಿ. ವಿಷ ಬಿಡಬಲ್ಲ ನೀಲಿ-ಹಸಿರು ಪಾಚಿಯ ಗುಂಡು ಗುಂಡು ಗುಂಪುಗಳು.

“ಇದನ್ನ ಕುಡಸಬ್ಯಾಡ್ರಿ,” ಎಂದೆ. ಅಷ್ಟು ಖಚಿತವಾಗಿ ನಾನು ಮದುವೆಗೂ ಒಪ್ಪಿರಲಿಲ್ಲ.

ಆಕೆ ವಾದ ಮಾಡಲಿಲ್ಲ. ಮೇಲಕ್ಕೆ ಹೋಗಿ, ಹರಿಯುವ ನೀರಿನ ಪಕ್ಕದ ಮರಳಲ್ಲಿ ಕೈಯಿಂದ ಗುಂಡಿ ತೋಡತೊಡಗಿದಳು. ನಾನೂ ಕೈ ಹಚ್ಚಿದೆ.

“ಈ ವರತಿ ಮೊದಲ ಯಾಕ ತೋಡಲಿಲ್ರಿ?”

“ಮಡು ಕಣ್ಮುಂದ ಇದ್ದಾಗ ಯಾರ ತೋಡ್ತಾರ್ರಿ?”

ಮೊಣಕೈ ಆಳದಲ್ಲಿ ನೀರು ಜಿನುಗಿ ನಿಂತಿತು. ಒಂದು ಹನಿ ನೋಡಿದೆ. ನಾಲ್ಕಾರು ಡಯಾಟಮ್ ಬಿಟ್ಟರೆ ತಕರಾರು ತೆಗೆಯುವಂಥದ್ದೇನೂ ಕಾಣಲಿಲ್ಲ. ಇನ್ನೊಂದು ಹನಿ ನೋಡಿದೆ.

“ನಡೀತದ್ರಿ,” ಎಂದೆ. ಧ್ವನಿ ಸಣ್ಣದಾಗಿತ್ತು.

ಕುರಿಗಳು ಬಂದು ಗುಂಡಿಯ ಸುತ್ತ ನಿಂತವು. ಒಂದೂ ಬಾಯಿ ಹಾಕಲಿಲ್ಲ. ನಾನು ಬಗ್ಗಿ ಅವುಗಳ ಕಣ್ಣನ್ನೇ ನೋಡುತ್ತಿದ್ದೆ.

“ಹಂಗ ಮಾರಿ ನೋಡ್ಕೋತ ನಿಂತ್ರ ಅವು ಹೆಂಗ ಕುಡೀಬೇಕ್ರಿ? ಆ ಕಡೆ ತಿರಗ್ರಿ.”

ತಿರುಗಿದೆ. ಬೆನ್ನ ಹಿಂದೆ ಮೊದಲು ಒಂದು ಬಾಯಿ, ಆಮೇಲೆ ಹಲವು ಬಾಯಿಗಳು ನೀರು ಎಳೆಯುವ ಸದ್ದು ಕೇಳಿಸಿತು. ಯಾವುದಾದರೂ ಕೆಮ್ಮುತ್ತದೆಯೋ ಎಂದು ಕಿವಿಗೊಟ್ಟು ನಿಂತೆ.