ಹತ್ತು ನಿಮಿಷದಣ್ಣ

ನೆರೆಹೊರೆಯವರೆಲ್ಲ ಅವನನ್ನು ಹತ್ತು ನಿಮಿಷದಣ್ಣ ಅಂತಲೇ ಕರೀತಿದ್ದರು. "ಊಟಕ್ಕೆ ಕರೆದರೂ ಹತ್ತು ನಿಮಿಷ ಅಂತಾನೆ, ಮನೆಗೆ ಬೆಂಕಿ ಬಿತ್ತು ಅಂದರೂ ಹತ್ತು ನಿಮಿಷ ಅಂತಾನೆ" ಅಂತ ನಗುತ್ತಿದ್ದರು.

ಆ ಮಾತು ಅವನಿಗೆ ಅಂಟಿದ್ದು ಹೋಟೆಲಿನಿಂದ. ಆ ಬೆಟ್ಟದೂರಿನ ನಾಲ್ಕು ಮಹಡಿಯ ಹೋಟೆಲಿಗೆ ಅವನೊಬ್ಬನೇ ಎ.ಸಿ. ಮೆಕ್ಯಾನಿಕ್ಕು. ಚಳಿಗಾಲದಲ್ಲಿ ಅದೇ ಎ.ಸಿ. ಕೋಣೆಗೆ ಬಿಸಿ ಊದಬೇಕು. ಚಳಿ ಮಿತಿಮೀರಿದ ದಿನ ಹೊರಗೋಡೆಗೆ ಹಾಕಿದ ಅದರ ಪೆಟ್ಟಿಗೆಗೆ ಹಿಮ ಕಟ್ಟಿ, ಒಳಗೆ ಬಿಸಿಗಾಳಿ ನಿಂತೇಬಿಡುತ್ತಿತ್ತು. ಬಂದವರು ಕಂಬಳಿ ಹೊದ್ದುಕೊಂಡು ಫೋನಿನಲ್ಲಿ ಹಾರಾಡುವರು. ಇವನು ಸಾವಕಾಶವಾಗಿ ಮೆಟ್ಟಿಲು ಹತ್ತಿ ಹೋಗಿ, "ಕೆಟ್ಟಿಲ್ಲ ಸ್ವಾಮಿ, ಹೊರಗೆ ಹಿಮ ಕರಗ್ತಿದೆ. ಹತ್ತು ನಿಮಿಷ ತಡೀರಿ" ಅನ್ನುವನು. ಹೇಳಿದ ಹಾಗೇ ಬಿಸಿಗಾಳಿ ಬರುತ್ತಿತ್ತು.

ಮನೆಯಲ್ಲೂ ಅದೇ ಪಾಠ. ಅಮ್ಮ ತೀರಿಕೊಂಡ ದಿನ ತಂಗಿ ತಡವಾಗಿ ಬಂದಳು ಅಂತ, ನೆಂಟರೆದುರೇ "ಇನ್ನು ನನ್ನ ಹೊಸಿಲು ತುಳೀಬೇಡ" ಅಂದುಬಿಟ್ಟಿದ್ದ. ಅವಳು ತುಳಿಯಲಿಲ್ಲ. ಹೋಗಿ ಮಾತಾಡಿಸಿ ಅಂತ ಹೆಂಡತಿ ಹೇಳಿದಾಗಲೆಲ್ಲ, "ಬಿಡೇ, ತಾನಾಗೇ ಕರಗ್ತಾಳೆ" ಅನ್ನುತ್ತಿದ್ದ.

"ನಿಮ್ಮ ಹತ್ತು ನಿಮಿಷಕ್ಕೆ ಹನ್ನೊಂದು ವರ್ಷ ಆಯ್ತು" ಅಂದಳು ಹೆಂಡತಿ ಒಂದು ದಿನ.

ಆ ಚಳಿಗಾಲ ಮೂರನೇ ಮಹಡಿಗೆ ಬಂದಿಳಿದಿದ್ದ ಅಜ್ಜಿಯೊಬ್ಬಳು ಅವನನ್ನು ಹಾಗೇ ಹೋಗಗೊಡಲಿಲ್ಲ. "ಇಂಥ ಚಳೀಲಿ ಹಿಮ ತಾನಾಗೇ ಕರಗುತ್ತೇನಪ್ಪಾ?"

"ಎಲ್ಲಿ ಕರಗುತ್ತೆ ಅಜ್ಜಿ! ಈ ಎ.ಸಿ.ನೇ ತನ್ನ ಬಿಸೀನ ಹೊರಗಡೆ ತಿರುಗಿಸುತ್ತೆ. ಅದಕ್ಕೇ ಒಳಗೆ ತಣ್ಣಗಾಗೋದು."

"ಅಂದ್ರೆ ಇದೇ ಮುಂದಾಗಬೇಕು ಅನ್ನು."

ಬಿಸಿಗಾಳಿ ಬಂದದ್ದೂ ಇವನಿಗೆ ತಿಳಿಯಲಿಲ್ಲ.

ಕೆಲಸ ಮುಗಿಸಿದವನು ಮನೆ ದಾರಿ ಬಿಟ್ಟು ತಂಗಿಯ ಬಾಗಿಲು ತಟ್ಟಿದ. "ತಪ್ಪು ನಂದು ಕಣೇ" ಅಂದ. ಅವಳು ಬಾಗಿಲನ್ನು ಅರ್ಧ ತೆರೆದು ಹಿಡಿದಿದ್ದಳು. "ಚಳಿ ಒಳಗೆ ನುಗ್ತಿದೆ. ಬರೋದಾದ್ರೆ ಬಾ, ಬಾಗಿಲು ಹಾಕ್ಬೇಕು" ಅಂದಳು.

ಅಣ್ಣತಂಗಿಗೆ ಆಮೇಲೆ ಸಿಕ್ಕಿದ್ದು ಎರಡೇ ಚಳಿಗಾಲ. ಎದೆನೋವು ಅಂತ ಮಲಗಿದವನು ಏಳಲಿಲ್ಲ. ಚಟ್ಟ ಹೊರಲು ಬಂದವರು ಹೊತ್ತಾಯಿತು ಅಂತ ಅವಸರ ಮಾಡಿದರು. ಪಕ್ಕದಲ್ಲಿ ಕೂತಿದ್ದ ತಂಗಿ ತಲೆ ಎತ್ತಲಿಲ್ಲ.

"ಹತ್ತು ನಿಮಿಷ ತಡೀರಿ" ಅಂದಳು.

ನೆರೆಯವರು ಯಾರೂ ನಗಲಿಲ್ಲ. ಅಣ್ಣನ ತಣ್ಣನೆ ಕೈಗಳನ್ನು ತನ್ನ ಅಂಗೈಗಳ ನಡುವೆ ಇಟ್ಟುಕೊಂಡು ಉಜ್ಜುತ್ತಾ ಕೂತಳು. ಆಮೇಲೆ ತಾನೇ ಎದ್ದು ಹೋಗಿ ಬಾಗಿಲನ್ನು ಪೂರ್ತಿ ತೆರೆದು ಹಿಡಿದಳು. ಅಣ್ಣ ಹೊಸಿಲು ದಾಟಿದ.