ಮುಳ್ಳು ಎತ್ತಿದ ಜಾಗದಿಂದ ಆಚೆ

ಅಂಟುವಾಳದ ಕಾಯಿ ನೆನೆಹಾಕಿದ ನೀರಿಗೆ ತನ್ನದೇ ಒಂದು ವಾಸನೆಯಿದೆ. ಪರಿಮಳ ಎಂದು ಹೊಗಳುವಂತಿಲ್ಲ, ನಾತ ಎಂದು ಬೈಯುವಂತೆಯೂ ಇಲ್ಲ. ಹಬ್ಬದ ಹಿಂದಿನ ದಿನ ಬೆಳ್ಳಿ ಸಾಮಾನು ತೊಳೆಯುವ ಮನೆಗಳಲ್ಲಿ ಬರುತ್ತದಲ್ಲ, ಅದು. ಇವತ್ತು ಬೆಳಿಗ್ಗೆ ಮಂಡ್ಯದ ನಮ್ಮ ಮನೆಯ ತುಂಬ ಅದೇ ವಾಸನೆ. ನಾನು ತೊಳೆಯುತ್ತಿದ್ದದ್ದು ಮಾತ್ರ ಬೆಳ್ಳಿಯನ್ನಲ್ಲ, ಒಂದು ಹಳೆಯ ಗ್ರಾಮಫೋನ್ ಪ್ಲೇಟನ್ನು.

"ಅದಕ್ಕೇ ಅಂತ ಬಾಟ್ಲೀಲಿ ಬರುತ್ತಂತಲ್ಲ, ತರಿಸ್ಕೋಬಾರ್ದಾ?" ಎಂದರು ನಮ್ಮ ಮನೆಯವರು, ಪೇಪರಿನಿಂದ ತಲೆ ಎತ್ತದೆ. ಪ್ಲೇಟನ್ನು ಅಂಟುವಾಳದ ನೊರೆಯಲ್ಲೇ ತೊಳೆಯಬೇಕು, ಹತ್ತಿಬಟ್ಟೆಯಲ್ಲಿ ಸುತ್ತುಸುತ್ತಾಗಿ ಒರೆಸಬೇಕು, ನೆರಳಲ್ಲೇ ಒಣಗಿಸಬೇಕು. ಇದನ್ನು ನನಗೆ ಕಲಿಸಿದವರು ಹಾಗೆ ಹೇಳಿದ್ದರು. ಅವರ ಮಾತು ಮೀರುವ ಧೈರ್ಯ ನನಗೆ ಇವತ್ತಿಗೂ ಇಲ್ಲ.

ನಿವೃತ್ತಿಯಾದ ಮೇಲೆ ನಾನು ಮಾಡಿದ ಮೊದಲ ಕೆಲಸ, ನಡುಮನೆಯ ಶೋಕೇಸನ್ನು ಹೊರಗೆ ಹಾಕಿಸಿದ್ದು. ಆ ಜಾಗದಲ್ಲಿ ಈಗ ಪ್ಲೇಟು ತಿರುಗಿಸುವ ಯಂತ್ರ, ಆಂಪ್ಲಿಫೈಯರ್, ಸೊಂಟದೆತ್ತರದ ಎರಡು ಸ್ಪೀಕರುಗಳಿವೆ. ನನ್ನ ಜೊತೆ ನಿವೃತ್ತರಾದವರೆಲ್ಲ ಗುಂಪು ಕಟ್ಟಿಕೊಂಡು ಕಾಶಿಗೆ ಹೋಗಿಬಂದರು. ನಾನು ದಿನಾ ಹನ್ನೊಂದು ಗಂಟೆಗೆ ಒಗ್ಗರಣೆ ಮುಗಿಸಿ, ಕೈ ಒರೆಸಿಕೊಂಡು, ಆ ಎರಡು ಸ್ಪೀಕರುಗಳ ಎದುರು ಕೂರುತ್ತೇನೆ. "ಜೀವಮಾನವೆಲ್ಲ ಮಕ್ಕಳಿಗೆ ಸದ್ದು ಮಾಡ್ಬೇಡಿ ಅಂತ ಗದರಿಸಿದೋಳು ಈಗ ಸದ್ದನ್ನೇ ಮನೇಗೆ ತಂದಿದ್ದಾಳೆ" ಎಂದು ನಮ್ಮ ಮನೆಯವರು ಬಂದವರಿಗೆಲ್ಲ ಹೇಳಿ ನಗುತ್ತಾರೆ. ನಗಲಿ. ಕಟ್ಟುನಿಟ್ಟು ಒಂದೇ, ಪ್ಲೇಟಿಗೆ ಮುಳ್ಳು ಇಟ್ಟ ಮೇಲೆ ಹಾಡು ಮುಗಿಯುವ ತನಕ ಎತ್ತುವಂತಿಲ್ಲ. ಒಲೆಯ ಮೇಲೆ ಹಾಲು ಉಕ್ಕಿದರೂ ಸರಿಯೇ.

ಆ ಕಟ್ಟುನಿಟ್ಟೂ ಅವರದ್ದೇ…

ನನ್ನ ಮೊದಲ ನೌಕರಿ ಬೆಸಗರಹಳ್ಳಿಯಲ್ಲಿ, ಹೈಸ್ಕೂಲಿನ ಲೆಕ್ಕದ ಮೇಡಂ ಆಗಿ. ಒಬ್ಬಳೇ ಇದ್ದೆ. ಒಂದು ಉದ್ದನೆಯ ಹೆಂಚಿನ ಮನೆಯ ಅರ್ಧ ನನಗೆ ಬಾಡಿಗೆಗೆ ಸಿಕ್ಕಿತು. ಇನ್ನರ್ಧದಲ್ಲಿ ಮನೆಯ ಯಜಮಾನರು, ಅವರ ಹೆಂಡತಿ. ನಡುವೆ ಒಂದೇ ಮಣ್ಣಿನ ಗೋಡೆ. ಯಜಮಾನರು ಮೂವತ್ತು ವರ್ಷ ಮೈಕ್‌ಸೆಟ್ ಇಟ್ಟುಕೊಂಡಿದ್ದವರು. ಸುತ್ತಿನ ಯಾವ ಊರಿನಲ್ಲಿ ಮದುವೆಯಾದರೂ ತೆಂಗಿನಮರಕ್ಕೆ ಹಾರನ್ ಕಟ್ಟಿ ಹಾಡು ಹಾಕುತ್ತಿದ್ದವರು ಅವರೇ. ಕ್ಯಾಸೆಟ್ಟು ಬಂದ ಮೇಲೆ ಅವರನ್ನು ಕರೆಯುವವರು ಕಡಿಮೆಯಾದರು. ನಾನು ಹೋಗುವ ಹೊತ್ತಿಗೆ ಹಾರನ್‌ಗಳು ಕೊಟ್ಟಿಗೆ ಸೇರಿ ಕೋಳಿಗಳ ಪಾಲಾಗಿದ್ದವು.

ನಾನು ಇಲಾಖೆಯ ಯಾವುದೋ ಪರೀಕ್ಷೆಗೆ ಓದುತ್ತಿದ್ದೆ. ಸ್ಕೂಲು ಮುಗಿಸಿ ಬಂದು ಪುಸ್ತಕ ತೆರೆಯುವುದಕ್ಕೂ ಆ ಕಡೆಯಿಂದ ಹಾಡು ಶುರುವಾಗುವುದಕ್ಕೂ ಸರಿಹೋಗುತ್ತಿತ್ತು. ಹಾಡೆಂದರೆ ಅಂತಿಂಥದ್ದಲ್ಲ, ಗೋಡೆಗೆ ಒರಗಿಸಿದ್ದ ಮೊರ ಅದುರಿ ಕೆಳಗೆ ಬೀಳುತ್ತಿತ್ತು. ಅದೂ ಒಂದೇ ಹಾಡು. ಮುಗಿದರೆ ಮತ್ತೆ ಅದೇ, ಮಾರನೆಯ ದಿನವೂ ಅದೇ. ಒಂದು ವಾರ ಹಲ್ಲು ಕಚ್ಚಿದೆ. ಎಂಟನೆಯ ದಿನ ಸೆರಗು ಸಿಕ್ಕಿಸಿಕೊಂಡು ಜಗಳಕ್ಕೇ ಹೋದೆ.

"ಸ್ವಲ್ಪ ಸಣ್ಣಗೆ ಹಾಕ್ಕೊಳಿ ಯಜಮಾನ್ರೇ, ಗೋಡೆ ಬಿದ್ದೋಗುತ್ತೆ!"

ಅವರು ನನ್ನ ಬಾಯನ್ನೇ ನೋಡುತ್ತಿದ್ದರು. ಒಳಗಿನಿಂದ ಅವರ ಹೆಂಡತಿ ಬಂದು ಕಿವಿಯ ಹತ್ತಿರ ಕೂಗಿದರು, "ಮೇಡಮ್ಮೋರು ಸದ್ದು ಕಮ್ಮಿ ಮಾಡಿ ಅಂತಾವ್ರೆ ಕನಾ!"

"ಕಮ್ಮಿ ಮಾಡುದ್ರೆ ನಂಗೆ ಕೇಳಾಕಿಲ್ವಲ್ಲ ಕಣಮ್ಮ" ಎಂದರು ಯಜಮಾನರು. ಸಿಟ್ಟಿರಲಿಲ್ಲ. ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ನಕ್ಕರು. ನನ್ನ ಜಗಳ ಅಲ್ಲೇ ಬಿದ್ದುಹೋಯಿತು.

ಮೂವತ್ತು ವರ್ಷ ಹಾರನ್ ಬುಡದಲ್ಲಿ ಕೂತು ಅವರ ಕಿವಿ ಸವೆದಿತ್ತು. ಮಂಡ್ಯದ ಕಿವಿ ಡಾಕ್ಟರು ಇನ್ನು ಎರಡು ವರ್ಷ ಕೇಳಿಸಿದರೆ ಹೆಚ್ಚು ಎಂದಿದ್ದರಂತೆ. ಆಸ್ಪತ್ರೆಯಿಂದ ಬರುವಾಗ ಬಸ್ಸಿನಲ್ಲೇ ಯಜಮಾನರು ಒಂದು ತೀರ್ಮಾನಕ್ಕೆ ಬಂದಿದ್ದರು.

"ಸುತ್ತ ಅಳ್ಳಿಗೆಲ್ಲ ಹಾಡು ಕೇಳ್ಸಿವ್ನಿ ಮೇಡಮ್ಮೋರೆ. ಒಂದು ಹಾಡ್ನೂ ನಾನು ಪೂರ್ತಿ ಕೇಳಿಲ್ಲ. ಅರ್ಧಕ್ಕೆ ಬರೋ ಒತ್ಗೆ ಗಟ್ಟಿಮೇಳ ಅಂತ ಕೂಗೋರು, ಮುಳ್ಳು ಎತ್ಬುಡೋದು. ಊಟುಕ್ಕೆ ಏಳ್ರಪ್ಪೋ ಅಂತ ಮೈಕಲ್ಲಿ ಏಳ್ಬೇಕು, ಮುಳ್ಳು ಎತ್ಬುಡೋದು. ಮನೇಗ್ ಬಂದ್ರೆ ಹಾಡು ಅಂದ್ರೇನೇ ಸಾಕಾಗೋಗದು."

ಹೀಗೆ ಹೇಳಿ ಒಂದು ಚಿಕ್ಕ ಪ್ಲೇಟನ್ನು, ಒಂದು ಬದಿಗೆ ಒಂದೇ ಹಾಡಿರುವಂಥದ್ದನ್ನು, ಬಾಗಿಲ ಬೆಳಕಿಗೆ ಓರೆ ಮಾಡಿ ಹಿಡಿದರು. ಆಗ ನೋಡಿದೆ. ಅಂಚಿನಿಂದ ನಡುವಿನ ತನಕ ಪ್ಲೇಟು ಬೂದಿ ಬಣ್ಣಕ್ಕೆ ತಿರುಗಿ ಮಂಕಾಗಿತ್ತು. ಅಲ್ಲಿಂದ ಒಳಗೆ, ಲೇಬಲ್ಲಿನ ತನಕ, ಇನ್ನೂ ಅಂಗಡಿಯಿಂದ ಈಗ ತಾನೇ ತಂದಂತೆ ಕರ‍್ರಗೆ ಹೊಳೆಯುತ್ತಿತ್ತು. ಎರಡರ ನಡುವೆ ಮುಳ್ಳು ಎತ್ತಿ ಎತ್ತಿ ಆದ ಒಂದು ಗಾಯ.

"ಇಲ್ಲೀಗಂಟ ಊರೋರು ಕೇಳವ್ರೆ" ಎಂದು ಬೂದಿ ಬಣ್ಣದ ಭಾಗ ತೋರಿಸಿದರು. "ಇಲ್ಲಿಂದಾಚೆ ಯಾರೂ ಕೇಳಿಲ್ಲ. ನಾನೂ ಕೇಳಿಲ್ಲ."

ಅವರ ಟ್ರಂಕಿನಲ್ಲಿ ನೂರಾ ಎಪ್ಪತ್ತು ಪ್ಲೇಟುಗಳಿದ್ದವು. ಒಂದೊಂದಕ್ಕೆ ಒಂದೊಂದು ವಾರ. ವಾರವೆಲ್ಲ ಕೇಳಿದರೇ ಕೊನೆ ಮನಸ್ಸಿಗೆ ಹತ್ತುವುದು ಎಂಬುದು ಅವರ ಲೆಕ್ಕ. ನನ್ನ ಲೆಕ್ಕ ಬೇರೆ. ನೂರಾ ಎಪ್ಪತ್ತು ವಾರ ಎಂದರೆ ಮೂರು ವರ್ಷ ದಾಟುತ್ತದೆ, ಡಾಕ್ಟರು ಕೊಟ್ಟಿದ್ದು ಎರಡು. ಹಾಗೆಂದು ಕೂಗಿ ಹೇಳಿದೆ. "ನಿಮ್ ಲೆಕ್ಕ ಮಕ್ಳಿಗೆ ಏಳ್ಕೊಡಿ" ಎಂದರು.

ಸದ್ದಿಗೆ ಒಂದು ದಾರಿ ಹುಡುಕಿದವಳು ಮಾತ್ರ ನಾನೇ. ನಮ್ಮಣ್ಣ ಚಿಕ್ಕಂದಿನಲ್ಲಿ ಹಳೇ ಸ್ಪೀಕರೊಂದನ್ನು ಮಡಕೆಯ ಬಾಯಿಗೆ ಕೂರಿಸಿ ರೇಡಿಯೋ ಕೇಳುತ್ತಿದ್ದ. ಸಣ್ಣಗೆ ಇಟ್ಟರೂ ಮಡಕೆ ತುಂಬಿಕೊಂಡು ಹಾಡುತ್ತಿತ್ತು. ಅದನ್ನೇ ಮಾಡಿಸಿದೆ. "ಅಯ್ಯೋ, ನನ್ ಉಳ್ಳಿಕಾಳ್ ಮಡಿಕೆ!" ಎಂದು ಅವರ ಹೆಂಡತಿ ಬಾಯಿ ಮಾಡಿದರು, ಆಮೇಲೆ ತಾವೇ ಹುರುಳಿಯನ್ನು ಚೀಲಕ್ಕೆ ಸುರಿದು ಮಡಕೆ ಒರೆಸಿ ಕೊಟ್ಟರು. ಯಜಮಾನರು ಮಡಕೆಯನ್ನು ಎರಡು ಮಂಡಿಗಳ ನಡುವೆ ಇಟ್ಟುಕೊಂಡು ಕೂತರು, ಅಂಗೈಗಳನ್ನು ಅದರ ಹೊಟ್ಟೆಯ ಮೇಲಿಟ್ಟರು. ನನ್ನ ಕಡೆ ಗೋಡೆ ಅದುರುವುದು ನಿಂತಿತು. ನಾನು ಓದುವುದೂ ನಿಂತಿತು, ಯಾಕೆಂದರೆ ನಾನೂ ಅಲ್ಲೇ ಹೋಗಿ ಕೂರತೊಡಗಿದೆ.

ಆ ಸಂಜೆಗಳನ್ನು ಹೇಗೆ ಹೇಳಲಿ… ಮೊದಲರ್ಧ ಬರೀ ಚಟಪಟ, ಯಾರೋ ಸಾಸಿವೆ ಹಾಕುತ್ತಲೇ ಇದ್ದಾರೆ ಅನ್ನಿಸುವುದು. ಗಾಯದ ಹತ್ತಿರ ಟಕ್ ಎನ್ನುವುದು. ಅಲ್ಲಿಂದ ಆಚೆ ಒಮ್ಮೆಗೇ ಎಲ್ಲ ತಿಳಿ. ಹಾಡುವವರು ಎದ್ದು ಬಂದು ನಮ್ಮ ಪಕ್ಕದಲ್ಲೇ ಕೂತ ಹಾಗೆ. ಯಜಮಾನರು ಕಣ್ಣರಳಿಸಿ ಹೆಂಡತಿಯ ಕಡೆ ನೋಡುತ್ತಿದ್ದರು. ಸಾವಿರ ಸಲ ಹಾಕಿದ ಹಾಡಿನಲ್ಲಿ ಇನ್ನೊಂದು ಚರಣವಿದೆ ಎಂದು ಅರುವತ್ತರಲ್ಲಿ ಗೊತ್ತಾಗುವ ಸಂತೋಷ ಎಂಥದೋ ಆಗ ನನಗೆ ತಿಳಿದಿರಲಿಲ್ಲ. ಈಗ ತಿಳಿಯುತ್ತದೆ.

ಒಂದು ಪ್ಲೇಟನ್ನು ಮಾತ್ರ ಅವರು ಟ್ರಂಕಿನ ತಳದಲ್ಲಿ ಬೇರೆ ಇಟ್ಟಿದ್ದರು. ಪ್ರತಿ ಪ್ಲೇಟಿನ ಕವರಿನ ಮೇಲೂ 'ಧಾರೆ', 'ಊಟ' ಎಂದು ಹಾಕುವ ಹೊತ್ತನ್ನು ಬರೆದಿರುತ್ತಿದ್ದರು. ಇದರ ಮೇಲೆ 'ಹೆಣ್ಣು ಒಪ್ಪಿಸೋದು' ಎಂದಿತ್ತು. ಎಲ್ಲ ಮದುವೆಗೂ ಹಾಕುತ್ತಿದ್ದ ಹಾಡು. ಕೊನೆಯ ಸಲ ಹಾಕಿದ್ದು ಸ್ವಂತ ಮಗಳ ಮದುವೆಯಲ್ಲಿ. ಬೇರೆಯವರ ಮೈಕ್‌ಸೆಟ್ ಬೇಡವೆಂದು ತಾವೇ ಕೂತಿದ್ದರಂತೆ. ಅರ್ಧ ಹಾಡಿಗೆ ಮಗಳ ಅಳು ಜೋರಾಯಿತು, ಹೆಂಡತಿ "ಸಾಕು ನಿಲ್ಸಿ" ಎಂದರು, ಇವರು ಮುಳ್ಳು ಎತ್ತಿದರು, ಮಗಳು ಗಂಡನ ಊರು ಕೊತ್ತತ್ತಿಗೆ ಹೊರಟುಹೋದಳು.

"ಅದನ್ನೇ ಮೊದಲು ಕೇಳ್ಬಿಡಿ ಯಜಮಾನ್ರೇ, ಕಿವಿ ಇರೋವಾಗ" ಎಂದೆ.

"ಕಡೀಕೆ ಇರ್ಲಿ ಬುಡಿ. ಅದ್ರ ಕೊನೇಲಿ ಏನದೋ ಏನೋ… ಧೈರ್ಯ ಸಾಲ್ದು."

ಅವರ ಹೆಂಡತಿ ಸುಮ್ಮನಿರಲಿಲ್ಲ. "ಆ ಧೈರ್ಯ ಎಲ್ಲಿಂದ ಬಂದದು? ಮಗಳ ಬಾಗ್ಲಿಗೆ ಒಂದು ಕಿತ ಓಗಿಲ್ಲ. ಗೌರಿ ಅಬ್ಬುದ್ ಬಾಗ್ನಾನೂ ಯಾರ್ ಕೈಲಾದ್ರೂ ಕಳಿಸ್ತಾರೆ. ಅಲ್ಲಿಂದ ವಾಪಸ್ ಬರೋವಾಗ ಅಳು ಬತ್ತದಂತೆ!" ಯಜಮಾನರಿಗೆ ಇದು ಕೇಳಿಸಲಿಲ್ಲವೋ, ಕೇಳಿಸದವರ ಹಾಗೆ ಕೂತರೋ, ನನಗೆ ಗೊತ್ತಾಗಲಿಲ್ಲ.

ಒಂದೂವರೆ ವರ್ಷಕ್ಕೆ ನನಗೆ ಮಳವಳ್ಳಿಗೆ ವರ್ಗವಾಯಿತು. ಆ ಹೊತ್ತಿಗೆ ಎಪ್ಪತ್ತು ಪ್ಲೇಟು ಮುಗಿದಿತ್ತು, ಬಲಗಿವಿ ಪೂರ್ತಿ ಹೋಗಿತ್ತು, ಯಂತ್ರದ ಮುಳ್ಳೂ ಮೊಂಡಾಗಿತ್ತು. ಮದ್ದೂರಿನ ಬಸ್ಸು ಹತ್ತಿಸಲು ಬಂದ ಯಜಮಾನರು ಕೇಳಿದ್ದು ಒಂದೇ. "ಮೈಸೂರ್ ಕಡೀಕ್ ಓದ್ರೆ ಒಂದು ಮುಳ್ಳು ಸಿಕ್ತದಾ ನೋಡಿ ಮೇಡಮ್ಮೋರೆ. ಇದು ಪ್ಲೇಟ್ನೇ ಕೆರೀತಾ ಅದೆ." ತಂದುಕೊಡುತ್ತೇನೆ ಎಂದೆ.

ಮುಳ್ಳು ಸಿಕ್ಕಿತು. ಎರಡು ವರ್ಷದ ಮೇಲೆ, ಮೈಸೂರಿನ ಒಂದು ಹಳೇ ಅಂಗಡಿಯಲ್ಲಿ. ತಂದು ಒಂದು ಸ್ಟೀಲಿನ ಡಬ್ಬಿಯಲ್ಲಿಟ್ಟೆ. ಆಗ ಮದುವೆಯಾಗಿತ್ತು, ಮಗು ಕೈಯಲ್ಲಿತ್ತು. ಮಳವಳ್ಳಿಯಿಂದ ಬೆಸಗರಹಳ್ಳಿ ಏನು ಪರದೇಶವೇ? ಮರೆತೆ ಎಂದರೆ ಸುಳ್ಳಾಗುತ್ತದೆ. ಬರುವ ಭಾನುವಾರ, ದಸರೆ ರಜೆ, ಬೇಸಿಗೆ ರಜೆ ಎಂದುಕೊಳ್ಳುತ್ತಲೇ ಇದ್ದೆ… ಒಂದು ದಿನ ಆ ಊರಿನ ಸಹೋದ್ಯೋಗಿಯೊಬ್ಬರು, ಯಜಮಾನರು ಹೋಗಿ ಆರು ತಿಂಗಳಾಯಿತು ಎಂದರು. ಡಬ್ಬಿಯನ್ನು ಬೀರುವಿನ ಹಿಂದಕ್ಕೆ ತಳ್ಳಿದೆ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಹೋದ ತಿಂಗಳು ಮದ್ದೂರಿನ ಛತ್ರದಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತಿದ್ದಾಕೆ ನನ್ನನ್ನೇ ನೋಡಿ, "ಬೆಸಗ್ರಳ್ಳಿ ಮೇಡಮ್ಮೋರಲ್ವಾ?" ಎಂದರು. ಯಜಮಾನರ ಮಗಳು. ಹಬ್ಬಕ್ಕೆ ತವರಿಗೆ ಬಂದಾಗ ಒಂದೆರಡು ಸಲ ನೋಡಿದ್ದೆ. ಈಗ ಅವರಿಗೆ ಮೊಮ್ಮಕ್ಕಳಿದ್ದಾರೆ. ನಾನು ಮೊದಲು ಕೇಳಿದ್ದೇ ಟ್ರಂಕಿನ ವಿಚಾರ.

"ಕೊತ್ತತ್ತೀಲಿ ನಮ್ ಅಟ್ಟದ್ ಮೇಲದೆ. ಬಿಸಾಕಕ್ಕೂ ಮನ್ಸಿಲ್ಲ, ಮಡಿಕಂಡು ಏನ್ಮಾಡ್ಲಿ? ನೀವು ಓಯ್ತೀರಾ?"

"ನಿಮ್ಮ ಅಪ್ಪ ಎಲ್ಲಾನೂ ಕೇಳಿ ಮುಗಿಸಿದ್ರಾ?"

"ನಂಗೇನ್ ಗೊತ್ತು ಮೇಡಮ್ಮೋರೆ. ಕಡೀಕ್ ಕಡೀಕೆ ಏನೂ ಕೇಳ್ತಿರ್ನಿಲ್ಲ. ಮಡಿಕೆ ತಬ್ಕಂಡು ಕೂತಿರೋರು."

ಹೋದ ವಾರ ಟ್ರಂಕು ಬಂತು. ಪ್ಲೇಟುಗಳ ನಡುವೆ ಇಟ್ಟಿದ್ದ ಬೇವಿನೆಲೆ ಪುಡಿಯಾಗಿತ್ತು, ತಳದಲ್ಲಿ ಆ ಪ್ಲೇಟು ಹಾಗೇ ಇತ್ತು. ಅದನ್ನು ಒಬ್ಬಳೇ ಕೇಳಲು ಮನಸ್ಸು ಒಪ್ಪಲಿಲ್ಲ. ಯಜಮಾನರ ಮಗಳಿಗೆ ಫೋನು ಮಾಡಿದೆ. ಇವತ್ತು ಹನ್ನೊಂದಕ್ಕೆ ಮಗಳು ಬಂದರು, ಚೀಲದ ತುಂಬ ಅವರೆಕಾಯಿ ಹಿಡಿದುಕೊಂಡು.

ತೊಳೆಯುವಾಗ ನಾನು ಕನ್ನಡಕ ತೆಗೆದಿಟ್ಟಿದ್ದೆ. ಬೆಳಕಿಗೆ ಓರೆ ಮಾಡಿಯೂ ನೋಡಲಿಲ್ಲ. ಎರಡನೆಯ ಅರ್ಧ ಕರ‍್ರಗೆ ಹೊಳೆದುಬಿಟ್ಟರೆ, ಅಲ್ಲಿಯ ತನಕ ಅವರು ಬರಲೇ ಇಲ್ಲ ಎಂದರ್ಥ. ನಾನು ಕೊಡದೆ ಉಳಿದ ಮುಳ್ಳು ಆಮೇಲೆ ನನ್ನನ್ನು ಜನ್ಮವಿಡೀ ಚುಚ್ಚುತ್ತಿತ್ತು.

ಮುಳ್ಳು ಇಟ್ಟೆ. ಚಟಪಟ ಶುರುವಾಯಿತು. ಹಾಡುವಾಕೆ ಮಗಳನ್ನು ಕಳಿಸಿಕೊಡುತ್ತಿದ್ದಾಳೆ. ಪಕ್ಕದಲ್ಲಿ ಕೂತವರು ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ಗಾಯ ಬಂತು, ಟಕ್ ಎಂದಿತು. ನಾನು ಕಣ್ಣು ಮುಚ್ಚಿದೆ.

ಚಟಪಟ ನಿಲ್ಲಲಿಲ್ಲ.

ಮೊದಲರ್ಧಕ್ಕಿಂತ ಒಂದಿಷ್ಟೂ ಕಡಿಮೆಯಿಲ್ಲದ ಹಾಗೆ, ಕೊನೆಯ ಸುತ್ತಿನ ತನಕ, ಲೇಬಲ್ಲಿನ ಅಂಚಿನ ತನಕ ಪ್ಲೇಟು ಸವೆದಿತ್ತು. ಮೊಂಡು ಮುಳ್ಳಿನಲ್ಲೇ, ಒಂದು ವಾರವಲ್ಲ, ಎಷ್ಟು ವಾರ ಕೇಳಿದ್ದರೋ. ಅಷ್ಟು ಚಂದದ ಸದ್ದನ್ನು ಈ ಸ್ಪೀಕರುಗಳಲ್ಲಿ ನಾನು ಇನ್ನೊಂದು ಕೇಳಿಲ್ಲ. ಆ ಸದ್ದಿನ ಸಂದಿಯಲ್ಲಿ ಹಾಡಿನ ಕೊನೆಯ ಚರಣ ಬಂತು. ಅದರಲ್ಲಿ ಅಳುವೇ ಇರಲಿಲ್ಲ. ಗೌರಿ ಹಬ್ಬ ಬಂತು, ನಾನೇ ಕರೆಯಲು ಬರುತ್ತೇನೆ, ಬಾಗಿಲಲ್ಲಿ ನಿಂತಿರು ಎಂದು ಮಗಳಿಗೆ ಹೇಳುವ ಚರಣ.

ಮಗಳು ಬಾಯಿಗೆ ಸೆರಗು ಒತ್ತಿಕೊಂಡರು.

"ಅದ್ಕೇನಾ…" ಎಂದರು ಆಮೇಲೆ. "ಯಾವತ್ತೂ ಬರ್ದಿದ್ದೋರು, ಕಡೇ ಎರಡು ವರ್ಸ ಗೌರಿ ಅಬ್ಬುಕ್ಕೆ ನಮ್ಮಪ್ಪನೇ ಬಂದ್ರು ಮೇಡಮ್ಮೋರೆ. ಮೂರು ದಿನ ಮುಂಚೇನೇ. ಬಾಗ್ಲಲ್ಲಿ ನಿಂತ್ಕಂಡು, ಕರ್ಕಂಡೋಗಕ್ಕೆ ಬಂದಿವ್ನಿ ಅಂದ್ರು. ಇದೇನಪ್ಪ ಇವತ್ತು ಅಂದೆ. ಅವ್ರಿಗೆ ಕೇಳಿಸ್ನಿಲ್ಲ."

ನಾನು ಬೀರುವಿನಿಂದ ಸ್ಟೀಲಿನ ಡಬ್ಬಿ ತಂದು ಅವರ ಕೈಗೆ ಕೊಟ್ಟೆ. ಇದು ನಿಮ್ಮ ಅಪ್ಪ ಕೇಳಿದ್ದು, ನಾನು ತಲುಪಿಸಲಿಲ್ಲ ಎಂದೆ. ಅವರು ಮುಚ್ಚಳ ತೆಗೆದು ನೋಡಿ, ಮುಚ್ಚಿ, ಮಡಿಲಲ್ಲಿಟ್ಟುಕೊಂಡರು. ಬೈಯಲಿಲ್ಲ. ಯಜಮಾನರಿಲ್ಲ, ಅವರ ಹೆಂಡತಿಯಿಲ್ಲ, ಆ ಮಡಕೆಯೂ ಯಾವತ್ತೋ ಒಡೆದಿದೆಯಂತೆ. ಪ್ಲೇಟು ಮಾತ್ರ ಇನ್ನೂ ಖಾಲಿ ಸುತ್ತು ಸುತ್ತುತ್ತಿತ್ತು.

"ಇನ್ನೊಂದ್ಸಲ ಹಾಕಿ" ಎಂದರು ಮಗಳು. "ಮೊದ್ಲಿಂದ."