ಮೊದಲ ರೊಟ್ಟಿ ತಿನ್ನುತ್ತಿದ್ದ ನೆಗೆಣ್ಣಿ

ಒಲೆಯಿಂದ ಇಳಿದ ಮೊದಲ ಜೋಳದ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು, ಎಡಗೆನ್ನೆ ಉಬ್ಬಿಸಿ ಅಗಿಯುತ್ತಲೇ ಎರಡನೆಯದನ್ನು ಬಡಿಯುತ್ತಿದ್ದವಳು ನನ್ನ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ. ಗೊರೇಬಾಳದ ಆ ಮನೆಯಲ್ಲಿ ಗಂಡಸರು ಉಣ್ಣುವ ಮೊದಲು ಹೆಂಗಸರು ತುತ್ತು ಮುಟ್ಟುವಂತಿರಲಿಲ್ಲ. "ಊರಿಗೊಂದು ದಾರಿ ಆದ್ರ ಈಕಿಗೊಂದು ದಾರಿ," ಎಂದು ಅತ್ತೆ ಬೈಯುತ್ತಿದ್ದರು.

"ಹಸಿವಿ ನಂದು ಅತ್ತಿ. ಅವರು ಗದ್ದಿಯಿಂದ ಬರೋತನ ಅದನ್ನ ಎಲ್ಲಿ ಕಟ್ಟಿ ಹಾಕ್ಲಿ?" ಎಂದು ಆಕೆ ನಗುತ್ತಲೇ ಇನ್ನೊಂದು ತುತ್ತು ಮುರಿಯುತ್ತಿದ್ದಳು.

ನನ್ನ ಹೊಟ್ಟೆ ಉರಿಯುತ್ತಿತ್ತು. ಸುಳ್ಳೇಕೆ ಹೇಳಲಿ, ಹಸಿವಿನಿಂದಲ್ಲ. ಅತ್ತೆಯ ಒಂದು ಮಾತನ್ನೂ ಮೀರದ ನನಗೆ ಸಿಕ್ಕಿದ್ದು 'ಪಾಪದಾಕಿ' ಎಂಬ ಹೆಸರು. ಭತ್ತ ಮಾರುವುದಿರಲಿ, ಬೀಗರ ಜಗಳವಿರಲಿ, ಅತ್ತೆ ಪಕ್ಕದಲ್ಲಿ ಕೂರಿಸಿಕೊಂಡು ಕೇಳುತ್ತಿದ್ದುದು ದಿನಾ ಬೈಸಿಕೊಳ್ಳುವ ಅವಳನ್ನೇ. ನನ್ನನ್ನು ಕೇಳುತ್ತಿದ್ದುದು ಸಾರಿಗೆ ಉಪ್ಪು ಹಾಕಿದೆಯಾ ಅಂತ ಅಷ್ಟೇ.

ಕಡೆಗೆ ನಾನೂ ಅವಳಂತಾಗಲು ಹೊರಟೆ. ಅವಳು ಶ್ರಾವಣ ಸೋಮವಾರದ ಒಪ್ಪತ್ತು ಬಿಟ್ಟಳು, ನಾನೂ ಬಿಟ್ಟೆ. ನನಗೋ ಒಪ್ಪತ್ತು ಮಾಡುವುದೆಂದರೆ ಬಲು ಇಷ್ಟವಿತ್ತು! ಒಂದು ದಿನ ಹಸಿವಿಲ್ಲದೆಯೂ ಬಿಸಿ ರೊಟ್ಟಿ ನುಂಗಿ ಬಿಕ್ಕಳಿಕೆ ಹತ್ತಿಸಿಕೊಂಡು ಕೂತಿದ್ದೆ. ನೀರು ತಂದುಕೊಟ್ಟು ಆಕೆ ಹೇಳಿದಳು: "ಮೊದಲು ಅತ್ತಿ ಹೇಳಿದಂಗ ಉಪಾಸ ಇದ್ದಿ. ಈಗ ನನ್ನ ನೋಡಿ ತಿನ್ನಾಕತ್ತಿ. ನಿನಗ ಹಸಿವಿ ಆಗ್ಯಾದೋ ಇಲ್ಲೋ, ಅದನ್ನ ಯಾವಾಗ ನೋಡ್ತೀಬೇ?"

ಎಂಟು ದಿನ ಅವಳೊಡನೆ ಮಾತು ಬಿಟ್ಟೆ.

ಹೋದ ವರ್ಷ ಲಿಂಗಸುಗೂರಿನ ನನ್ನ ತಮ್ಮ ನನ್ನ ಮಗಳನ್ನು ತನಗೇ ಕೊಡೆಂದು ಕೇಳಿದ. ನಮ್ಮಲ್ಲಿ ಹೆಣ್ಣಿನ ಮೇಲೆ ಸೋದರಮಾವನದೇ ಮೊದಲ ಹಕ್ಕು. ಮಗಳು ಸಿಂಧನೂರಿನಲ್ಲಿ ಡಿಗ್ರಿ ಕೊನೆಯ ವರ್ಷದಲ್ಲಿದ್ದಳು. "ನನ್ನ ಎತ್ತಿ ಆಡಿಸಿದ ಮಾಮಾ ಅವ್ವಾ. ಗಂಡ ಅನ್ನಾಕ ಬಾಯಿ ಬರಾಂಗಿಲ್ಲ," ಎಂದು ಅತ್ತಳು. ಒಲ್ಲೆನೆಂದರೆ ನನಗೆ ತವರಿನ ಬಾಗಿಲು ಮುಚ್ಚುತ್ತದೆ. ಗಂಡ, "ನಿನ್ನ ತಮ್ಮ, ನೀನ ನೋಡ್ಕೊ," ಎಂದು ಜಾರಿಕೊಂಡ.

ನೆಗೆಣ್ಣಿ ಆಗ ಬೇನೆಬಿದ್ದು ಹಾಸಿಗೆ ಹಿಡಿದಿದ್ದಳು. ಓಡಿಹೋಗಿ ಅವಳ ಕೈ ಹಿಡಿದೆ. "ಅಕ್ಕಾ, ಬ್ಯಾಡ ಅಂತ ನೀ ಒಂದು ಮಾತು ಹೇಳು."

"ನಾ ಹೇಳಾಂಗಿಲ್ಲ."

"ಊರಿಗೆಲ್ಲ ಹೇಳ್ತಿ, ನನಗಷ್ಟ ಇಲ್ಲೇನು?"

"ನಾ ಹೇಳಿದ್ರ ನನ್ನ ಹೆಸರು ಮುಂದಿಟ್ಟು ನೀ ಹಿಂದ ನಿಲ್ತಿ. ನಾ ಹೋದ ಮ್ಯಾಲ ಯಾರ ಹಿಂದ ನಿಲ್ತಿ?"

ಸಿಟ್ಟಿನಲ್ಲಿ ಎದ್ದು ಲಿಂಗಸುಗೂರಿನ ಬಸ್ಸು ಹತ್ತಿದೆ. ಮಸ್ಕಿ ದಾಟುವವರೆಗೂ ಅವಳಿಗೇ ಶಾಪ ಹಾಕಿದೆ. ಸಾಯುವಾಗಲೂ ದೊಡ್ಡಸ್ತಿಕೆ ಬಿಡಲಿಲ್ಲವಲ್ಲ! ಆಮೇಲೆ ಶಾಪವೂ ಮುಗಿಯಿತು, ಮಗಳ ಅಳುವ ಮುಖ ಉಳಿಯಿತು. ತಮ್ಮನ ಪಡಸಾಲೆಯಲ್ಲಿ ನಿಂತು, "ಹುಡುಗಿ ಒಲ್ಲೆ ಅಂತಾಳ. ನಾನೂ ಒಲ್ಲೆ. ಕೊಡಾಂಗಿಲ್ಲ ತಮ್ಮಾ," ಎಂದೆ. ಅವನು ಒಂದು ಲೋಟ ನೀರು ಕುಡಿ ಎಂದೂ ಅನ್ನಲಿಲ್ಲ.

ಮರಳಿ ಬಂದು ನೆಗೆಣ್ಣಿಗೆ ಹೇಳಿದೆ. "ನೀನ ಹೇಳಿದಿ?" ಎಂದಳು. "ಹೂಂ," ಎಂದೆ. ಮೂರನೇ ದಿನ ಆಕೆ ತೀರಿಕೊಂಡಳು.

ಮಣ್ಣು ಮಾಡಲು ತಮ್ಮನೂ ಬಂದಿದ್ದ. ನಾಲ್ಕು ಮಂದಿಯ ನಡುವೆ ನಿಂತು, "ನನಗ ಹೆಣ್ಣು ಕೊಡಾಂಗಿಲ್ಲ ಅನ್ನೋದು ಈಕಿ ಕಲಿಸಿದ ಮಾತು. ಇಲ್ಲಂದ್ರ ನಮ್ಮಕ್ಕಗ ಅಷ್ಟು ಧೈರ್ಯ ಎಲ್ಲೀದು?" ಎಂದ. ಎಲ್ಲರೂ ಹೌದೌದೆಂದು ತಲೆಯಾಡಿಸಿದರು. ಅಳುತ್ತ ಕೂತಿದ್ದ ನನಗೆ ಮೈಯೆಲ್ಲ ಉರಿದುಹೋಯಿತು. ಹುಟ್ಟಿದಾಗಿನಿಂದ ನಾನಾಡಿದ ಒಂದೇ ಒಂದು ಸ್ವಂತ ಮಾತು, ಅದೂ ಅವಳ ಪಾಲಾಯಿತು. ಅದು ನನ್ನದೇ ಎಂದು ಸಾಕ್ಷಿ ಹೇಳಬಲ್ಲವಳು ಒಬ್ಬಳಿದ್ದಳು. ಅವಳನ್ನು ಆಗಲೇ ಎತ್ತಿ ಹೊರಗೆ ಒಯ್ಯುತ್ತಿದ್ದರು.